ಒಂದೇ ಪಾತ್ರೆಯ ಆಲೂಗಡ್ಡೆ, ತಲೆಗೊಂದು ಬಟ್ಟಲು

ಮನೆಯಲ್ಲಿ ನಾಲ್ಕು ಜನರಿದ್ದರೆ ನಾಲ್ಕು ನಾಲಿಗೆ. ಒಬ್ಬರಿಗೆ ಖಾರ ಬೇಕೇ ಬೇಕು, ಇನ್ನೊಬ್ಬರಿಗೆ ಖಾರದ ಹೆಸರೆತ್ತಿದರೆ ಕಣ್ಣಲ್ಲಿ ನೀರು. ಮೂರನೆಯವರು ತಟ್ಟೆಯಲ್ಲಿ ಒಂದು ಚೂರು ಅಣಬೆ ಕಂಡರೂ ಸಾಕು, ಹುಡುಕಿ ಹುಡುಕಿ ಅಂಚಿಗೆ ಸರಿಸುತ್ತಾ ಕೂರುತ್ತಾರೆ. ಎಲ್ಲರಿಗೂ ಹೊಂದಲಿ ಅಂತ ಒಂದೇ ಅಡುಗೆ ಮಾಡಿದರೆ ಅದು ಯಾರಿಗೂ ಬೇಡದ ಸಪ್ಪೆ ಅಡುಗೆ ಆಗುತ್ತದೆ. ತಲೆಗೊಂದು ಮಾಡಲು ಹೊರಟರೆ ಒಲೆ ಮುಂದೆ ನಿಂತವರ ಸೊಂಟ ಬೀಳುತ್ತದೆ.

ನಮ್ಮ ಮನೆಯಲ್ಲಿ ಈ ಜಗಳ ತಣ್ಣಗಾಗಿದ್ದು ಮ್ಯಾಶ್ಡ್ ಪೊಟ್ಯಾಟೊ ಬಟ್ಟಲಿನಿಂದ. ಬೇಯಿಸಿ ನುಣ್ಣಗೆ ಹಿಸುಕಿದ ಆಲೂಗಡ್ಡೆ ಒಂದು ದೊಡ್ಡ ಪಾತ್ರೆಯಲ್ಲಿ, ಅದರ ಸುತ್ತ ಐದು ಬೋಗುಣಿಗಳಲ್ಲಿ ಟಾಪಿಂಗ್‌ಗಳು. ಆಲೂಗಡ್ಡೆಯನ್ನು ನಾನು ಬಡಿಸುತ್ತೇನೆ, ಮೇಲೇನು ಬೇಕೋ ಅವರವರೇ ಹಾಕಿಕೊಳ್ಳುತ್ತಾರೆ. ಮಾಡುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಹಾಗಾಗಿ ಬುಡದಿಂದಲೇ ಹೇಳುತ್ತೇನೆ.

ಮೊದಲೇ ಒಂದು ಮಾತು. ಕೆಳಗಿನ ಆಲೂಗಡ್ಡೆ ಸಾದಾ ಇರಬೇಕು. ಅದಕ್ಕೇ ಬೆಳ್ಳುಳ್ಳಿ, ಚೀಸ್, ಮೆಣಸಿನ ಪುಡಿ, ಸೊಪ್ಪು ಎಲ್ಲವನ್ನೂ ಸುರಿದು ಕಲಸಿಬಿಟ್ಟರೆ ಊಟಕ್ಕೆ ಕೂತವರಿಗೆ ಆರಿಸಿಕೊಳ್ಳಲು ಏನೂ ಉಳಿಯುವುದಿಲ್ಲ. ಉಪ್ಪು ಒಂದು ಚಿಟಿಕೆ ಕಡಿಮೆ, ಬೆಣ್ಣೆ ಹಿತವಾಗಿ, ಅಷ್ಟೇ. ಖಾರ, ಹುಳಿ, ಗರಿಗರಿ ಎಲ್ಲ ಸುತ್ತಲಿನ ಬೋಗುಣಿಗಳ ಪಾಲು.

ಗಡ್ಡೆ ಆರಿಸುವಾಗ

ಆಲೂಗಡ್ಡೆಯಲ್ಲಿ ಎರಡು ಬಗೆ ಅಂತ ಇಟ್ಟುಕೊಳ್ಳಿ. ಪಿಷ್ಟ ಹೆಚ್ಚಿರುವ ಗಡ್ಡೆ ಬೆಂದಾಗ ಹಿಟ್ಟಿನಂತೆ ಉದುರುತ್ತದೆ. ಪಿಷ್ಟ ಕಡಿಮೆ ಇರುವುದು ಎಷ್ಟು ಬೆಂದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ, ಕತ್ತರಿಸಿದರೆ ಮೇಣದ ಹಾಗೆ ನಯವಾಗಿರುತ್ತದೆ. ಹಿಸುಕಲು ಮೊದಲನೆಯದು ಬೇಕು. ರಸೆಟ್, ಮಾರಿಸ್ ಪೈಪರ್, ಕಿಂಗ್ ಎಡ್ವರ್ಡ್ ಅಂತ ಚೀಲದ ಮೇಲೆ ಬರೆದಿದ್ದರೆ ಕಣ್ಣು ಮುಚ್ಚಿ ತನ್ನಿ. ಯೂಕಾನ್ ಗೋಲ್ಡ್ ಇವೆರಡರ ನಡುವಿನದು, ಬಣ್ಣ ಹಳದಿ. ಅದರಿಂದಲೂ ಒಳ್ಳೆಯ ಮ್ಯಾಶ್ ಆಗುತ್ತದೆ. ಉಗುರಲ್ಲಿ ಕೆರೆದರೆ ಸಿಪ್ಪೆ ಬರುವಂಥ ಎಳೆಯ ಗಡ್ಡೆ ಸಲಾಡಿಗೆ ಚೆನ್ನ, ಇದಕ್ಕೆ ಬೇಡ.

ಹೆಸರೇ ಗೊತ್ತಿಲ್ಲದ ಗಡ್ಡೆ ಮನೆಗೆ ಬಂದಿದೆಯೇ? 11 ಅಳತೆ ನೀರಿಗೆ 1 ಅಳತೆ ಉಪ್ಪು ಕರಗಿಸಿ, ಅದರೊಳಗೆ ಒಂದು ಗಡ್ಡೆ ಬಿಡಿ. ಪಿಷ್ಟ ಹೆಚ್ಚಿರುವುದು ಮುಳುಗುತ್ತದೆ, ಕಡಿಮೆ ಇರುವುದು ತೇಲುತ್ತದೆ. ಅಷ್ಟೊಂದು ಉಪ್ಪು ದಂಡ ಅನ್ನಿಸಿದರೆ ಸಣ್ಣ ಲೋಟದಲ್ಲಿ ಅಳೆದು, ಸಣ್ಣ ಗಡ್ಡೆಯನ್ನೇ ಬಿಟ್ಟು ನೋಡಿ. ಒಂದು ಚೀಲಕ್ಕೆ ಒಂದು ಸಲ ನೋಡಿದರೆ ಸಾಕು.

ಬೆಳಕಿಗೆ ಬಿದ್ದು ಹಸಿರಾದ ಗಡ್ಡೆಯ ಬಗ್ಗೆ ಹುಷಾರು. ಆ ಹಸಿರು ಬಣ್ಣ ಎಲೆಯಲ್ಲಿರುವ ಕ್ಲೋರೋಫಿಲ್ಲೇ, ಅದರಿಂದ ತೊಂದರೆಯಿಲ್ಲ. ಆದರೆ ಅದೇ ಬೆಳಕು ಸೋಲನೈನ್ ಎಂಬ ಕಹಿ ವಿಷವನ್ನೂ ಹೆಚ್ಚಿಸಿರುತ್ತದೆ, ಅದು ಕುದಿಸಿದರೆ ಹೋಗುವಂಥದ್ದಲ್ಲ. ಎಲ್ಲೋ ಒಂದು ಕಡೆ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಮೊಳಕೆಯ ಕಣ್ಣುಗಳನ್ನೂ ಬಗೆದು ತೆಗೆಯಿರಿ. ಪೂರ್ತಿ ಹಸಿರಾಗಿದ್ದರೆ ಎಸೆದುಬಿಡಿ. ಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ: ತಂಪಿಗೆ ಅದರ ಪಿಷ್ಟ ಸಕ್ಕರೆಯಾಗುತ್ತಾ ಹೋಗಿ ಮ್ಯಾಶ್‌ಗೆ ಬೇಡದ ಸಿಹಿ ಬರುತ್ತದೆ. ಕತ್ತಲಿರುವ, ಗಾಳಿಯಾಡುವ ಮೂಲೆ ಸಾಕು.

ನಾಲ್ಕು ಜನರ ಊಟಕ್ಕೆ ನನ್ನ ಅಳತೆ: ಗಡ್ಡೆ 1 ಕೆಜಿ, ಬೆಣ್ಣೆ 80 ಗ್ರಾಂ, ಹಾಲು 150ರಿಂದ 200 ಮಿಲಿ, ರುಚಿಗೆ ಉಪ್ಪು. ಫ್ರಾನ್ಸಿನ ಬಾಣಸಿಗ ಜೊಯೆಲ್ ರೊಬುಶಾನ್ ಹೆಸರು ಮಾಡಿದ ಆಲೂಗಡ್ಡೆ ಪ್ಯೂರೆಯಲ್ಲಿ 1 ಕೆಜಿ ಗಡ್ಡೆಗೆ 250 ಗ್ರಾಂ ಬೆಣ್ಣೆ. ಒಮ್ಮೆ ಹಾಗೂ ಮಾಡಿ ನೋಡಿದೆ. ಎರಡು ಚಮಚ ತಿನ್ನುವವರೆಗೆ ಸ್ವರ್ಗ. ಆದರೆ ಬಟ್ಟಲು ತುಂಬ ಹಾಕಿಕೊಂಡು, ಅದರ ಮೇಲೆ ಗ್ರೇವಿ, ಚೀಸ್ ಸುರಿದುಕೊಂಡರೆ ಅರ್ಧಕ್ಕೇ ಹೊಟ್ಟೆ ಕಟ್ಟುತ್ತದೆ. ಟಾಪಿಂಗ್ ಹಾಕುವ ಬಟ್ಟಲಿಗೆ 80 ಗ್ರಾಂ ಹದ.

ಬೇಯಿಸುವುದು

ಸಿಪ್ಪೆ ಹೆರೆದು ಸುಮಾರು 4 ಸೆಂ.ಮೀ. ಹೋಳು ಮಾಡಿ. ಎಲ್ಲ ಹೋಳೂ ಒಂದೇ ಗಾತ್ರ ಇರಲಿ. ಸಣ್ಣದು ಕರಗಿ ಗಂಜಿಯಾಗುವಾಗ ದೊಡ್ಡದರ ನಡುವೆ ಕಾಳು ಉಳಿದಿದ್ದರೆ ಆಮೇಲೆ ಎಷ್ಟು ಹಿಸುಕಿದರೂ ಗಂಟು ಹೋಗದು. ಹೋಳುಗಳನ್ನು ಒಮ್ಮೆ ತೊಳೆದು, ತಣ್ಣೀರಿನಲ್ಲಿ ಮುಳುಗಿಸಿಯೇ ಒಲೆಗೆ ಇಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಮೆತ್ತಗಾಗಿ ಕದಡಿಹೋಗುತ್ತದೆ, ಒಳಗೆ ಇನ್ನೂ ಗಟ್ಟಿ. ನೀರಿನ ಜೊತೆಗೇ ಬಿಸಿಯಾದರೆ ಒಳಗೂ ಹೊರಗೂ ಒಟ್ಟಿಗೆ ಬೇಯುತ್ತದೆ.

ಉಪ್ಪು ಈಗಲೇ ಹಾಕಿ, ಲೀಟರಿಗೆ 10 ಗ್ರಾಂ. ಬೇಯುವಾಗ ಒಳಗಿಳಿದ ಉಪ್ಪಿನ ರುಚಿ ಆಮೇಲೆ ಮೇಲಿಂದ ಉದುರಿಸಿದರೆ ಬರುವುದಿಲ್ಲ. ನಿಂಬೆ, ವಿನೆಗರ್, ಟೊಮೆಟೊ ಯಾವುದನ್ನೂ ಈ ನೀರಿನ ಹತ್ತಿರ ಸುಳಿಯಗೊಡಬೇಡಿ. ಹುಳಿ ಬಿದ್ದರೆ ಗಡ್ಡೆ ಬೇಯಲು ಸತಾಯಿಸುತ್ತದೆ.

ಕುದಿ ಬಂದ ಮೇಲೆ ಉರಿ ತಗ್ಗಿಸಿ. ಕೊತಕೊತ ಕುದಿಸಿದರೆ ಹೋಳುಗಳು ಒಂದಕ್ಕೊಂದು ಬಡಿದು ಸವೆಯುತ್ತವೆ. 15ರಿಂದ 20 ನಿಮಿಷ ಬೇಕು. ಚಾಕುವಿನ ತುದಿ ಚುಚ್ಚಿ ಮೇಲೆತ್ತಿದಾಗ ಹೋಳು ತಾನಾಗಿ ಜಾರಿ ಬೀಳಬೇಕು. ಅಂಟಿಕೊಂಡು ಮೇಲೆ ಬಂದರೆ ಇನ್ನೆರಡು ನಿಮಿಷ.

ಕುಕ್ಕರ್ ಬೇಡವೇ ಅಂತ ಕೇಳುವವರಿಗೆ: ಆಗುತ್ತದೆ, ಆದರೆ ಹೋಳು ಮಾಡಿ ನೀರಲ್ಲಿ ಮುಳುಗಿಸಬೇಡಿ. ಸಿಪ್ಪೆ ಸಮೇತ ಇಡೀ ಗಡ್ಡೆಗಳನ್ನು ತೂತಿನ ತಟ್ಟೆಯ ಮೇಲಿಟ್ಟು ಹಬೆಯಲ್ಲಿ ಬೇಯಿಸಿ. ಸಿಪ್ಪೆಯೊಳಗೆ ನೀರು ಅಷ್ಟಾಗಿ ಇಳಿಯುವುದಿಲ್ಲ. ಬಿಸಿಯಿದ್ದಾಗಲೇ ಬಟ್ಟೆಯಲ್ಲಿ ಹಿಡಿದು ಸುಲಿಯಿರಿ; ಬೆರಳು ಸುಡುತ್ತದೆ, ಬೇರೆ ದಾರಿಯಿಲ್ಲ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಎರಡು ನಿಮಿಷದ ಕೆಲಸ. ನೀರು ಬಸಿದ ಮೇಲೆ ಹೋಳುಗಳನ್ನು ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ, ಸಣ್ಣ ಉರಿಯಲ್ಲಿ ಪಾತ್ರೆಯನ್ನು ಆಗಾಗ ಕುಲುಕಿ. ಮೊದಲು ದಟ್ಟವಾಗಿ ಹಬೆ ಏಳುತ್ತದೆ. ಅದು ತೆಳ್ಳಗಾಗುತ್ತಾ ಬಂದ ಹಾಗೆ ಹೋಳುಗಳ ಅಂಚು ಬೆಳ್ಳಗೆ, ಹಿಟ್ಟು ಸವರಿದ ಹಾಗೆ ಕಾಣುತ್ತದೆ. ಪಾತ್ರೆಯ ತಳದಲ್ಲೂ ಬಿಳಿ ಪೊರೆ ಕಟ್ಟುತ್ತದೆ. ಆಗ ಇಳಿಸಿ. ಈ ನೀರು ಹೋಗದಿದ್ದರೆ ಆಮೇಲೆ ಹಾಕುವ ಹಾಲಿಗೆ ಜಾಗವಿರುವುದಿಲ್ಲ, ಮ್ಯಾಶ್ ನೀರುನೀರಾಗಿ ಸಪ್ಪಗಿರುತ್ತದೆ.

ಹಿಸುಕುವುದು: ಕೆಡುವುದೂ ಇಲ್ಲೇ

ಒಂದು ಸಂಜೆ ಅವಸರದಲ್ಲಿ ಬೆಂದ ಗಡ್ಡೆಯನ್ನು ಮಿಕ್ಸಿ ಜಾರಿಗೆ ಹಾಕಿ ಹತ್ತು ಸೆಕೆಂಡು ತಿರುಗಿಸಿದೆ. ಮುಚ್ಚಳ ತೆಗೆದು ಚಮಚ ಎತ್ತಿದರೆ ಜಾರಿನಲ್ಲಿದ್ದದ್ದೆಲ್ಲ ಒಂದೇ ಮುದ್ದೆಯಾಗಿ ಚಮಚದ ಜೊತೆಗೇ ಎದ್ದು ಬಂತು. ಬಿಟ್ಟರೆ ನಿಧಾನವಾಗಿ, ಉದ್ದಕ್ಕೆ ಎಳೆಎಳೆಯಾಗಿ ಇಳಿಯಿತು. ಹಾಲು ಹಾಕಿದೆ, ಹೊಳೆಯಿತೇ ವಿನಾ ಸಡಿಲವಾಗಲಿಲ್ಲ. ಮಗಳು ಅದನ್ನು ಬೆರಳಲ್ಲಿ ಒತ್ತಿ ನೋಡಿ, ‘ಅಮ್ಮಾ, ಇದರಲ್ಲಿ ನನ್ನ ಪ್ರಾಜೆಕ್ಟಿನ ಚಾರ್ಟ್ ಅಂಟಿಸಬಹುದು’ ಅಂದಳು. ತಮಾಷೆಗೆ ಅಂದದ್ದಾದರೂ ಮಾತು ನಿಜ. ಪಿಷ್ಟವನ್ನು ನೀರಲ್ಲಿ ಬೇಯಿಸಿ ಕಲಕಿದರೆ ಆಗುವುದೇ ಅಂಟು.

ಆಗುವುದೇನೆಂದರೆ, ಗಡ್ಡೆ ಬೇಯುವಾಗ ಅದರ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗುತ್ತವೆ. ಪ್ರತಿ ಕೋಶದೊಳಗೂ ನೀರು ಕುಡಿದು ಉಬ್ಬಿದ ಪಿಷ್ಟ. ಕೋಶ ಇಡಿಯಾಗಿ ಉಳಿದರೆ ಮ್ಯಾಶ್ ಹಗುರ, ಬಾಯಲ್ಲಿ ಹತ್ತಿಯಂತೆ ಕರಗುತ್ತದೆ. ಬ್ಲೇಡು ಅದನ್ನು ಸೀಳಿದರೆ ಪಿಷ್ಟ ಹೊರಗೆ ಚೆಲ್ಲಿ ಎಲ್ಲವನ್ನೂ ಅಂಟಿಸುತ್ತದೆ. ಒಮ್ಮೆ ಅಂಟಾದದ್ದನ್ನು ಸರಿಮಾಡುವ ಉಪಾಯ ನನಗಂತೂ ಸಿಕ್ಕಿಲ್ಲ. ಆ ದಿನದ್ದಕ್ಕೆ ಮೇಲೆ ಚೀಸ್ ಹರಡಿ ಓವನ್ನಿನಲ್ಲಿ ಕೆಂಪಗೆ ಬೇಯಿಸಿ ಮರ್ಯಾದೆ ಉಳಿಸಿಕೊಂಡೆ.

ಆದ್ದರಿಂದ ಮಿಕ್ಸಿ, ಬ್ಲೆಂಡರ್, ಫುಡ್ ಪ್ರೊಸೆಸರ್ ಯಾವುದೂ ಬೇಡ. ಕೈಯಲ್ಲಿ ಒತ್ತುವ ಮ್ಯಾಶರ್ ಸಾಕು. ಇನ್ನೂ ನುಣ್ಣಗೆ ಬೇಕಿದ್ದರೆ ಪೊಟ್ಯಾಟೊ ರೈಸರ್; ಅದಿಲ್ಲದಿದ್ದರೆ ಶಾವಿಗೆ ಒತ್ತುವ ಒರಳಿಗೆ ಸಣ್ಣ ತೂತಿನ ಅಚ್ಚು ಹಾಕಿ ಒತ್ತಿ, ಎರಡೂ ಮಾಡುವ ಕೆಲಸ ಒಂದೇ. ಅದೂ ಇಲ್ಲವೆಂದರೆ ಸ್ಟೀಲ್ ಜರಡಿಯ ಮೇಲೆ ಹಾಕಿ ಸೌಟಿನ ಬೆನ್ನಿನಿಂದ ಒತ್ತಿ ಇಳಿಸಿ. ಯಾವುದಾದರೂ ಸರಿ, ಗಡ್ಡೆ ಬಿಸಿಯಿರಬೇಕು ಮತ್ತು ಕೈ ಮೇಲಿಂದ ಕೆಳಕ್ಕೆ ಒತ್ತಬೇಕು. ಗರಗರ ತಿರುವಬಾರದು.

ಗಂಟು ಪೂರ್ತಿ ಹೋದ ಮೇಲೆ ಮೊದಲು ಬೆಣ್ಣೆ. ಸಣ್ಣ ತುಂಡುಗಳಾಗಿ ಹಾಕಿ ಮಡಚಿದ ಹಾಗೆ ಕಲಸಿ, ಬಿಸಿಗೆ ತಾನೇ ಕರಗುತ್ತದೆ. ಆಮೇಲೆ ಬಿಸಿ ಹಾಲು, ಮೂರು ನಾಲ್ಕು ಸಲಕ್ಕೆ. ಫ್ರಿಜ್ಜಿನ ತಣ್ಣನೆಯ ಹಾಲು ಸುರಿದರೆ ಮ್ಯಾಶ್ ಅಲ್ಲೇ ಆರಿ ಭಾರವಾಗುತ್ತದೆ. ಹಾಲು 200 ಮಿಲಿ ಅಂದೆನಲ್ಲ, ಅಷ್ಟೂ ಹಿಡಿಯಲೇಬೇಕೆಂದಿಲ್ಲ. ಹದ ನೋಡುವುದು ಹೀಗೆ: ಚಮಚದ ಬೆನ್ನಿನಿಂದ ನಡುವೆ ಒಂದು ಗುಂಡಿ ಮಾಡಿ. ಗುಂಡಿ ಹಾಗೇ ನಿಂತು, ಅಂಚು ಮಾತ್ರ ತುಸು ಮೆತ್ತಗೆ ಬಾಗಿದರೆ ಸರಿಯಾಗಿದೆ. ಗುಂಡಿ ತುಂಬಿಕೊಂಡರೆ ಹಾಲು ಹೆಚ್ಚಾಯಿತು. ಬಿರುಕು ಬಿಟ್ಟರೆ ಇನ್ನೂ ಬೇಕು. ಹುಳಿ ಇಷ್ಟಪಡುವವರು ಹಾಲಿನಲ್ಲಿ ಅರ್ಧಭಾಗ ತೆಗೆದು ಗಟ್ಟಿ ಮೊಸರನ್ನೋ ಸೋರ್ ಕ್ರೀಮನ್ನೋ ಕೊನೆಯಲ್ಲಿ ಬೆರೆಸಬಹುದು. ಹಾಲು, ಬೆಣ್ಣೆ ತಿನ್ನದವರಿಗೆ ಒಳ್ಳೆಯ ಆಲಿವ್ ಎಣ್ಣೆ, ಜೊತೆಗೆ ಗಡ್ಡೆ ಬೆಂದ ನೀರು. ಆ ನೀರನ್ನು ಬಸಿಯುವಾಗಲೇ ಒಂದು ಲೋಟ ಎತ್ತಿಟ್ಟುಕೊಳ್ಳಿ.

ತಾಳ್ಮೆಯಿದ್ದವರಿಗೆ ಇನ್ನೊಂದು ದಾರಿಯಿದೆ. ಹೋಳುಗಳನ್ನು ಮೊದಲು 70 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣ್ಣೀರಿನಲ್ಲಿ ಪೂರ್ತಿ ಆರಿಸಿ, ಆಮೇಲೆ ಎಂದಿನಂತೆ ಬೇಯಿಸುವುದು. ಬಿಸಿಗೆ ಉಬ್ಬಿದ ಪಿಷ್ಟ ತಣ್ಣಗಾದಾಗ ಬಿಗಿದುಕೊಳ್ಳುತ್ತದೆ. ಮತ್ತೆ ಬೇಯಿಸಿದರೂ ಸುಲಭಕ್ಕೆ ಹೊರಬಂದು ಅಂಟುವುದಿಲ್ಲ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯ ಆಲೂಗಡ್ಡೆ ಫ್ಲೇಕ್ಸ್ (ಬಿಸಿನೀರು ಬೆರೆಸಿದರೆ ಮ್ಯಾಶ್ ಆಗುವ ಒಣ ಚೂರು) ತಯಾರಿಸಲು ರೂಪಿಸಿದ ವಿಧಾನದ ಗುಟ್ಟೂ ಇದೇ. ವಾರದ ದಿನ ನಾನಿದಕ್ಕೆ ಕೈ ಹಾಕುವುದಿಲ್ಲ. ಹತ್ತು ಹನ್ನೆರಡು ಜನರಿಗೆ ಮಾಡುವಾಗ, ಪಾತ್ರೆಯಲ್ಲಿ ಜಾಸ್ತಿ ಹೊತ್ತು ಕಲಸಬೇಕಾದಾಗ ಇದು ಕಾಪಾಡುತ್ತದೆ.

ಮ್ಯಾಶ್ ಮುಗಿದು ಟಾಪಿಂಗ್ ಇನ್ನೂ ಒಲೆಯ ಮೇಲಿದ್ದರೆ ಗಾಬರಿ ಬೇಡ. ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯ ಮೇಲಿಟ್ಟು, ಮೇಲ್ಮೈಗೆ ಎರಡು ಚಮಚ ಬಿಸಿ ಹಾಲು ಹರಡಿ ಮುಚ್ಚಿಡಿ. ಹಾಲಿನ ಪದರ ಇದ್ದರೆ ಸಿಪ್ಪೆ ಕಟ್ಟುವುದಿಲ್ಲ. ಒಂದು ಗಂಟೆ ನಿಶ್ಚಿಂತೆಯಿಂದ ಹೀಗೆ ಇಡಬಹುದು. ಬಡಿಸುವ ಮುಂಚೆ ಒಮ್ಮೆ ಮಡಚಿ.

ಬೋಗುಣಿಗಳಲ್ಲಿ ಏನೇನು?

ಮೊದಮೊದಲು ನಾನು ಹನ್ನೊಂದು ಬಗೆ ಇಟ್ಟಿದ್ದೂ ಉಂಟು. ಮೇಜು ಮದುವೆ ಮನೆಯ ಹಾಗೆ ಕಂಡಿತು, ತೊಳೆಯುವಾಗ ಬುದ್ಧಿ ಬಂತು. ಈಗ ಐದೇ. ಒಂದು ದ್ರವ, ಒಂದು ಹೊಟ್ಟೆ ತುಂಬುವಂಥದ್ದು, ಒಂದು ತರಕಾರಿ, ಒಂದು ಹುಳಿ, ಒಂದು ಗರಿಗರಿ. ಮ್ಯಾಶ್ ಮೆತ್ತಗೆ, ಹಾಲಿನ ರುಚಿ, ಬಣ್ಣ ಪೇಲವ. ಅದಿಲ್ಲದ್ದನ್ನು ಮೇಲಿಂದ ಕೊಡಬೇಕು. ಮೆತ್ತನೆಯದರ ಮೇಲೆ ಮತ್ತೂ ಮೆತ್ತನೆಯದನ್ನೇ ಪೇರಿಸಿದರೆ ಐದನೇ ತುತ್ತಿಗೆ ಬೇಸರ.

ದ್ರವ ಅಂದರೆ ಗ್ರೇವಿ, ಇದನ್ನು ಮಾತ್ರ ತಪ್ಪಿಸಬೇಡಿ. 30 ಗ್ರಾಂ ಬೆಣ್ಣೆ ಕರಗಿಸಿ 30 ಗ್ರಾಂ ಮೈದಾ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಮೊದಲು ಹಸಿ ಹಿಟ್ಟಿನ ವಾಸನೆ, ಮೂರು ನಾಲ್ಕು ನಿಮಿಷಕ್ಕೆ ಬಿಸ್ಕೆಟ್ ಬೆಂದ ಹಾಗೆ ಘಮ, ಬಣ್ಣ ಹೊಂಬಣ್ಣ. ಆಗ 500 ಮಿಲಿ ಬಿಸಿ ತರಕಾರಿ ಸ್ಟಾಕನ್ನೋ ಚಿಕನ್ ಸ್ಟಾಕನ್ನೋ (ಅವನ್ನು ಕುದಿಸಿ ಸೋಸಿದ ರಸ) ಸೌಟು ಸೌಟಾಗಿ ಸೇರಿಸಿ. ಮೊದಲ ಸೌಟಿಗೆ ಅದು ಗಟ್ಟಿ ಉಂಡೆಯಾಗಿ ಹೆದರಿಸುತ್ತದೆ. ಬಿಡದೆ ಕಲಕಿ, ಮುಂದಿನ ಸೌಟಿಗೆ ಸಡಿಲವಾಗುತ್ತದೆ. ಐದಾರು ನಿಮಿಷ ಸಣ್ಣಗೆ ಕುದಿಸಿ. ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ, ಆರುತ್ತಾ ಗಟ್ಟಿಯಾಗುತ್ತದೆ. ಮಾಂಸದ ಸ್ಟಾಕ್ ಇಲ್ಲದ ಗ್ರೇವಿ ಸಪ್ಪೆ ಅನ್ನುವವರು ಒಣ ಅಣಬೆ ನೆನೆಸಿದ ನೀರು ಮತ್ತು ಒಂದು ಚಮಚ ಸೋಯಾ ಸಾಸ್ ಹಾಕಿ ನೋಡಲಿ. ನೆನೆಸಿದ ನೀರಿನ ತಳದಲ್ಲಿ ಮರಳಿರುತ್ತದೆ, ಮೇಲಿನದನ್ನು ಮಾತ್ರ ಬಗ್ಗಿಸಿಕೊಳ್ಳಿ. ಸೋಯಾ ಸಾಸ್ ಹಾಕಿದರೆ ಉಪ್ಪು ಕೊನೆಗೆ. ಮೈದಾ ತಿನ್ನದವರಿಗಾದರೆ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಕುದಿಯುವ ಸ್ಟಾಕಿಗೆ ಹಾಕಿ, 250 ಮಿಲಿಗೆ ಒಂದು ದೊಡ್ಡ ಚಮಚ. ಆದರೆ ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ ಎನ್ನುವುದು ನೆನಪಿರಲಿ.

ಹೊಟ್ಟೆ ತುಂಬುವುದಕ್ಕೆ ಕಾಳು, ಚಿಕನ್ ಅಥವಾ ಮೊಟ್ಟೆ. ರಾಜ್ಮಾ ಬಳಸುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಜೋರಾಗಿ ಕುದಿಸಿ ಪೂರ್ತಿ ಬೇಯಿಸಿ. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರಿಸುತ್ತದೆ. ಕುದಿಯದ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಅದು ಹೋಗುವುದಿಲ್ಲ. ಬೆಂದ ಕಾಳನ್ನು ಈರುಳ್ಳಿ, ಟೊಮೆಟೊ, ಜೀರಿಗೆ ಪುಡಿ, ಮೆಣಸಿನ ಪುಡಿ ಹಾಕಿ ಗಟ್ಟಿಯಾಗುವವರೆಗೆ ಬತ್ತಿಸಿದರೆ ಬಟ್ಟಲಿನ ಖಾರದ ಪಾಲು ಅದೇ ಆಗುತ್ತದೆ. ಮಾಂಸ ತಿನ್ನುವ ಮನೆಗಳಲ್ಲಿ ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಹುರಿದ ಚಿಕನ್ ಚೂರು, ಇಲ್ಲವೇ ಕೈಮಾ. ಚಿಕನ್ ನಡುವಿನ ಬಿಸಿ 74 ಡಿಗ್ರಿ ಮುಟ್ಟಿರಬೇಕು. ಇವೆರಡೂ ಬೇಡದ ದಿನ ಮೊಟ್ಟೆ. ಕುದಿಯುವ ನೀರಲ್ಲಿ ಏಳು ನಿಮಿಷ, ಕೂಡಲೇ ತಣ್ಣೀರಿಗೆ. ಬಿಳಿ ಗಟ್ಟಿ, ಹಳದಿ ಇನ್ನೂ ಜೇನಿನ ಹದ. ಒಡೆದರೆ ಅದೇ ಒಂದು ಸಾಸ್.

ತರಕಾರಿಗೆ ಹೂಕೋಸು, ಬ್ರೊಕೊಲಿ, ಕ್ಯಾರೆಟ್ ಯಾವುದಾದರೂ ಆದೀತು. ಎಣ್ಣೆ ಉಪ್ಪು ಸವರಿ 220 ಡಿಗ್ರಿ ಓವನ್ನಿನಲ್ಲಿ 20ರಿಂದ 25 ನಿಮಿಷ, ಅಂಚು ಕಪ್ಪಾಗುವವರೆಗೆ. ಟ್ರೇಯಲ್ಲಿ ಒತ್ತೊತ್ತಾಗಿ ತುಂಬಿದರೆ ಹುರಿಯುವ ಬದಲು ತಮ್ಮದೇ ಹಬೆಯಲ್ಲಿ ಬೆಂದು ಸೋತುಹೋಗುತ್ತವೆ. ಓವನ್ ಇಲ್ಲದಿದ್ದರೆ ಅಗಲ ಬಾಣಲೆ, ಜೋರು ಉರಿ. ಅಣಬೆಯಾದರೆ ಮೊದಲು ನೀರು ಬಿಡುತ್ತದೆ, ಆ ನೀರು ಇಂಗುವವರೆಗೂ ಉಪ್ಪು ಬೆಣ್ಣೆ ಹಾಕದೆ ಕಾಯಿರಿ. ಸ್ವೀಟ್ ಕಾರ್ನ್, ಬಟಾಣಿ ಬೇಯಿಸಿ ಇಟ್ಟರೂ ಮಕ್ಕಳಿಗೆ ಸಾಕು.

ಹುಳಿ ಯಾಕೆ ಅನ್ನುವವರಿಗೆ ಉತ್ತರ ಬಾಯಲ್ಲೇ ಸಿಗುತ್ತದೆ. ಬೆಣ್ಣೆಯ ಜಿಡ್ಡು ನಾಲಿಗೆಗೆ ಅಂಟಿಕೊಂಡಾಗ ಒಂದು ಎಸಳು ಹುಳಿ ಈರುಳ್ಳಿ ಬಿದ್ದರೆ ಮುಂದಿನ ತುತ್ತಿಗೆ ಬಾಯಿ ಸಿದ್ಧ. ಕೆಂಪು ಈರುಳ್ಳಿಯನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿ. 100 ಮಿಲಿ ವಿನೆಗರ್, 100 ಮಿಲಿ ನೀರು, ಒಂದು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬಿಸಿ ಮಾಡಿ ಅದರ ಮೇಲೆ ಸುರಿಯಿರಿ. ಮೊದಲಿಗೆ ಮಾಸಲು ನೇರಳೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಇಡೀ ಬೋಗುಣಿ ಗುಲಾಬಿ ಬಣ್ಣ. ಈರುಳ್ಳಿಯ ಆಂಥೋಸಯನಿನ್ ಬಣ್ಣ ಹುಳಿಗೆ ಹೀಗೆ ಕೆಂಪೇರುತ್ತದೆ. ಮಾಸಲು ಮ್ಯಾಶ್ ಮೇಲೆ ಇದನ್ನು ಹಾಕಿದಾಗಲೇ ಬಟ್ಟಲಿಗೆ ಕಳೆ ಬರುವುದು.

ಗರಿಗರಿಗೆ ಕರಿದ ಈರುಳ್ಳಿ, ಹುರಿದ ಬ್ರೆಡ್ ಪುಡಿ, ಹುರಿದ ಬಾದಾಮಿ ಚೂರು. ಈರುಳ್ಳಿ ಕರಿಯುವಾಗ ಕಣ್ಣಿಗೆ ‘ಇನ್ನೊಂಚೂರು ಕೆಂಪಾಗಲಿ’ ಅನ್ನಿಸುವ ಕ್ಷಣದಲ್ಲೇ ಎತ್ತಬೇಕು, ಎಣ್ಣೆಯಿಂದ ಹೊರಬಂದ ಮೇಲೂ ಅದರ ಬಣ್ಣ ಏರುತ್ತಲೇ ಇರುತ್ತದೆ. ಈ ಬೋಗುಣಿಯನ್ನು ಮಾತ್ರ ಬಿಸಿಯ ಪಕ್ಕ ಇಡಬೇಡಿ, ಹಬೆ ತಾಗಿದರೆ ಮೆತ್ತಗಾಗುತ್ತದೆ.

ಚೀಸ್ ಬಗ್ಗೆ ನನ್ನದು ಕೊಂಚ ಜಿಪುಣತನ. ಮುಂಚೆಯೇ ತುರಿದ ಪ್ಯಾಕೆಟ್ ಚೀಸಿಗೆ ಅಂಟದಿರಲಿ ಅಂತ ಪಿಷ್ಟ ಸವರಿರುತ್ತಾರೆ, ಅದು ಸರಿಯಾಗಿ ಕರಗುವುದಿಲ್ಲ. ಒಂದು ತುಂಡು ಚೆಡ್ಡಾರ್ ತಂದು ಬಡಿಸುವ ಹೊತ್ತಿಗೆ ತುರಿಯಿರಿ, ಒಬ್ಬರಿಗೆ ಒಂದು ಹಿಡಿ. ಎದುರಿಗೆ ಗುಡ್ಡೆ ಹಾಕಿಟ್ಟರೆ ಮಿಕ್ಕ ಬೋಗುಣಿಗಳನ್ನು ಯಾರೂ ಮುಟ್ಟುವುದಿಲ್ಲ.

ಬಟ್ಟಲು ಕಟ್ಟುವುದು

ಬಟ್ಟಲುಗಳನ್ನು ಬಿಸಿನೀರಲ್ಲಿ ಅದ್ದಿ ಒರೆಸಿಡಿ. ತಣ್ಣನೆಯ ಪಿಂಗಾಣಿಗೆ ಬಿದ್ದ ಮ್ಯಾಶ್ ಕ್ಷಣದಲ್ಲಿ ಆರುತ್ತದೆ. ಒಬ್ಬರಿಗೆ ಎರಡು ಸೌಟು ಮ್ಯಾಶ್, ಬಟ್ಟಲಿನ ಅರ್ಧಕ್ಕಿಂತ ಮೇಲೆ ಬೇಡ, ಚಮಚದ ಬೆನ್ನಿನಿಂದ ನಡುವೆ ಗುಂಡಿ. ಆಗ ಹದ ನೋಡಲು ಮಾಡಿದ ಗುಂಡಿಯೇ ಈಗ ಕೆಲಸಕ್ಕೆ ಬರುವುದು: ಗ್ರೇವಿ ಅದರಲ್ಲಿ ನಿಲ್ಲುತ್ತದೆ, ಹರಿದು ಉಳಿದದ್ದನ್ನೆಲ್ಲ ತೋಯಿಸುವುದಿಲ್ಲ. ಗ್ರೇವಿಯ ಪಕ್ಕಕ್ಕೆ ಕಾಳೋ ಚಿಕನ್ನೋ, ಇನ್ನೊಂದು ಪಕ್ಕಕ್ಕೆ ತರಕಾರಿ. ಚೀಸ್ ಬಿಸಿಯಾದದ್ದರ ಮೇಲೆ, ಆಗಲೇ ಕರಗುವುದು. ಹುಳಿ ಈರುಳ್ಳಿ ಆಮೇಲೆ. ಗರಿಗರಿ ಕಟ್ಟಕಡೆಗೆ, ಚಮಚ ಬಾಯಿಗಿಡುವ ಮುಂಚೆ. ಮೇಜಿನ ಮೇಲೆ ಬೋಗುಣಿಗಳನ್ನೂ ಇದೇ ಸಾಲಿನಲ್ಲಿ ಇಟ್ಟರೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಬೋಗುಣಿಗೂ ಅದರದೇ ಚಮಚ ಇರಲಿ. ಮನೆಯಲ್ಲಿ ಯಾರಿಗಾದರೂ ಬಾದಾಮಿಯೋ ಮೊಟ್ಟೆಯೋ ಒಗ್ಗುವುದಿಲ್ಲ ಎಂದಾದರೆ ಆ ಬೋಗುಣಿ ಬೇರೆ ಮೂಲೆಯಲ್ಲಿರಲಿ, ಚಮಚ ಅದಲುಬದಲಾಗದಂತೆ.

ನನ್ನ ಮಗಳದು ಬೇರೆಯದೇ ಶಾಸ್ತ್ರ. ಗುಂಡಿಯನ್ನು ಆಳಕ್ಕೆ ಕೊರೆದು, ಗ್ರೇವಿ ಅಂಚಿನವರೆಗೆ ತುಂಬಿ, ಸುತ್ತ ಬಟಾಣಿ ನೆಟ್ಟು, ಕೊನೆಗೆ ಒಂದು ಕಡೆಯ ದಂಡೆ ಒಡೆಯುತ್ತಾಳೆ. ಗ್ರೇವಿ ಹರಿದು ಬಂದು ಬಟಾಣಿ ಮುಳುಗಿದ ಮೇಲೇ ಊಟ ಶುರು. ಬೇರೆ ದಿನ ಬಟಾಣಿ ಕಂಡರೆ ಮುಖ ಸಿಂಡರಿಸುವವಳು ಆ ಹೊತ್ತಿಗೆ ಲೆಕ್ಕವಿಲ್ಲದೆ ತಿನ್ನುತ್ತಾಳೆ. ನಾನು ಆ ಕಡೆ ನೋಡುವುದಿಲ್ಲ.

ಹಲ್ಲಿಲ್ಲದ ಹಿರಿಯರಿಗೆ ಮ್ಯಾಶ್, ಗ್ರೇವಿ, ಅರೆಬೆಂದ ಹಳದಿಯ ಬದಲು ಪೂರ್ತಿ ಬೆಂದ ಮೊಟ್ಟೆ ಹಿಸುಕಿ ಕೊಡಿ. ಸಕ್ಕರೆ ಕಾಯಿಲೆ ಇರುವವರ ಬಟ್ಟಲಿನಲ್ಲಿ ಲೆಕ್ಕ ತಿರುಗುಮುರುಗು: ಆಲೂಗಡ್ಡೆ ಒಂದು ಸಣ್ಣ ಸೌಟು, ಕಾಳು ತರಕಾರಿ ಹೆಚ್ಚು. ಹಿಸುಕಿದ ಆಲೂಗಡ್ಡೆ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಬುಡ ಸಾದಾ ಇದ್ದುದರಿಂದ ಇದಕ್ಕೆಲ್ಲ ಬೇರೆ ಪಾತ್ರೆ ಇಡಬೇಕಾಗಿಲ್ಲ.

ಕೆಲಸದ ಸರದಿ ಹೀಗಿಟ್ಟುಕೊಂಡರೆ ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೊದಲು ಈರುಳ್ಳಿ ಹುಳಿಗೆ ಹಾಕಿ ಮರೆತುಬಿಡಿ. ಓವನ್ ಹಚ್ಚಿ, ಗಡ್ಡೆ ಹೆರೆದು ಒಲೆಗಿಡಿ, ತರಕಾರಿ ಒಳಗೆ ಹೋಗಲಿ. ಗಡ್ಡೆ ಬೇಯುವಷ್ಟರಲ್ಲಿ ಗ್ರೇವಿ. ಹಿಸುಕಿ ಮುಚ್ಚಿಟ್ಟ ಮೇಲೆ ಚಿಕನ್ ಅಥವಾ ಮೊಟ್ಟೆ, ಕಡೆಗೆ ಗರಿಗರಿ. ಕಾಳು ಹಿಂದಿನ ದಿನವೇ ಆಗಿರಬೇಕು, ಒಂದು ದಿನ ಕೂತರೆ ಅದರ ರುಚಿ ಹೆಚ್ಚುತ್ತದೆ ಕೂಡ.

ಉಳಿದರೆ

ಎರಡು ಗಂಟೆಯೊಳಗೆ ಅಗಲವಾದ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ಮತ್ತೆ ಬಿಸಿ ಮಾಡುವಾಗ ಸ್ವಲ್ಪ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಮಡಚುತ್ತಾ ಹೋಗಿ, ಹಬೆ ಏಳುವಷ್ಟು ಬಿಸಿಯಾಗಲಿ.

ನಾನಂತೂ ಬಿಸಿ ಮಾಡುವ ಗೋಜಿಗೆ ಹೋಗುವುದಿಲ್ಲ. ಫ್ರಿಜ್ಜಿನಲ್ಲಿ ಮ್ಯಾಶ್ ಬಿಗಿದು ಗಟ್ಟಿಯಾಗಿರುತ್ತದೆ. ಅದಕ್ಕೆ ಉಳಿದ ಕಾಳು, ಕಾರ್ನ್, ಚೀಸ್ ಬೆರೆಸಿ, ಒಂದು ಮೊಟ್ಟೆಯನ್ನೋ ಎರಡು ಚಮಚ ಮೈದಾವನ್ನೋ ಸೇರಿಸಿ, ಅಂಗೈ ಅಗಲದ ಬಿಲ್ಲೆ ತಟ್ಟಿ, ಎಣ್ಣೆ ಸವರಿದ ಕಾವಲಿಯ ಮೇಲೆ ನಡು ಉರಿಯಲ್ಲಿ ಇಡುತ್ತೇನೆ. ಸಟ್ಟುಗ ಹಿಡಿದು ಅವಸರಪಡಬೇಡಿ. ಬೇಗ ಎಬ್ಬಿಸಿದರೆ ತಳ ಕಾವಲಿಗೇ ಅಂಟಿ ಬಿಲ್ಲೆ ಹರಿದು ಎರಡಾಗುತ್ತದೆ. ನಾಲ್ಕು ನಿಮಿಷ ಬಿಟ್ಟರೆ ಕೆಳಗೆ ಕೆಂಪು ಹೊರಪು ಕಟ್ಟಿ, ಕಾವಲಿ ಅಲುಗಿಸಿದಾಗ ತಾನಾಗಿ ಜಾರುತ್ತದೆ. ಆಗ ತಿರುವಿ ಹಾಕಿ.